ಫಾಲೋವರ್ಸ್ ಆಮೇಲೆ, ಮೊದಲು ನಂಬರ್ ಬರೆದಿಡಿ

ಮನೆಯ ಹಪ್ಪಳ, ಚಟ್ನಿಪುಡಿ ಮಾರಲು ಇನ್‌ಸ್ಟಾಗ್ರಾಂನಲ್ಲಿ ಬೇಗ 10 ಸಾವಿರ ಫಾಲೋವರ್ಸ್ ಆಗಬೇಕು, ಬೂಸ್ಟ್‌ಗೆ (ಪೋಸ್ಟ್ ಹೆಚ್ಚು ಜನರಿಗೆ ಕಾಣಲು ಕೊಡುವ ಜಾಹೀರಾತಿಗೆ) ದುಡ್ಡು ಹಾಕಲೇ ಅಂತ ಕೇಳಿದ್ದೀರಿ. ನಾನೂ ಇದನ್ನೇ ಯೋಚಿಸುತ್ತಿದ್ದೆ.

ನಮ್ಮದು ಶಿರಸಿ ಕಡೆ. 2020ರ ಲಾಕ್‌ಡೌನ್‌ನಲ್ಲಿ ಅತ್ತೆ ಹಾಕಿದ ಅಪ್ಪೆಮಿಡಿ (ಪರಿಮಳದ ಎಳೆ ಮಾವು) ಉಪ್ಪಿನಕಾಯಿಯ ಫೋಟೊ ಹಾಕಿದೆ. ಮೊದಲು ಬೆಂಗಳೂರಿನ ನೆಂಟರು ಕೇಳಿದರು, ಆಮೇಲೆ ಗುರುತಿಲ್ಲದವರು. ಅತ್ತೆ ಮಿಡಿಯ ತೊಟ್ಟು ಮುರಿದು ಸೊನೆಯ ಪರಿಮಳ ನೋಡುವ ಒಂದು ರೀಲ್ ತುಂಬಾ ಓಡಿತು. ಎರಡು ವರ್ಷದಲ್ಲಿ 11 ಸಾವಿರ ಫಾಲೋವರ್ಸ್ ಆದರು.

2022ರ ಮಾರ್ಚ್‌ನಲ್ಲಿ ಒಂದು ಮೆಸೇಜ್ ಬಂತು. ‘ನಿಮ್ಮ ವಿಡಿಯೊ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯೊಳಗೆ ಈ ಲಿಂಕ್‌ನಲ್ಲಿ ಉತ್ತರ ಕೊಡಿ’ ಅಂತ. ಹೆದರಿ ಪಾಸ್‌ವರ್ಡ್ ಹಾಕಿದೆ. ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆಗೆ ಒಂದು ಕೋಡನ್ನೂ ಕೇಳುವುದು) ಆನ್ ಮಾಡಿರಲಿಲ್ಲ. ಸಂಜೆಯೊಳಗೆ ಇಮೇಲ್, ಫೋನ್ ನಂಬರ್ ಎರಡೂ ಬದಲಾಗಿ ಪೇಜ್ ಕೈತಪ್ಪಿತು. ಮತ್ತೆ ಸಿಗಲೇ ಇಲ್ಲ.

ಆದರೆ ನನ್ನ ದೊಡ್ಡ ತಪ್ಪು ಆ ಲಿಂಕ್ ಒತ್ತಿದ್ದಲ್ಲ. ಗಿರಾಕಿಗಳ ನಂಬರ್ ಎಲ್ಲೂ ಬರೆದಿಟ್ಟಿರಲಿಲ್ಲ. ಆರ್ಡರ್, ವಿಳಾಸ, ಮಾತುಕತೆ ಎಲ್ಲಾ ಇನ್‌ಸ್ಟಾಗ್ರಾಂನ ಡಿಎಂನಲ್ಲೇ (ಖಾಸಗಿ ಮೆಸೇಜ್‌ನಲ್ಲೇ) ಇತ್ತು. ಪ್ರತಿ ಡಬ್ಬದ ಮೇಲೂ ಹೆಸರು, ವಿಳಾಸ, ಫೋನ್ ನಂಬರನ್ನು ನನ್ನ ಕೈಯಾರೆ ಮಾರ್ಕರ್‌ನಲ್ಲಿ ಬರೆದಿದ್ದೇನೆ. ಅದೇ ನಂಬರನ್ನು ಪಕ್ಕದ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಲ ಬರೆಯಲು ಹತ್ತು ಸೆಕೆಂಡ್ ಸಾಕಿತ್ತು. ಬರೆಯಲಿಲ್ಲ. ಪೋಸ್ಟ್ ಆಫೀಸಿನ ರಸೀದಿಗಳನ್ನೂ ಪಾರ್ಸೆಲ್ ಮುಟ್ಟಿದ ಮೇಲೆ ಹರಿದು ಹಾಕುತ್ತಿದ್ದೆ. ಎರಡೆರಡು ಸಲ ತರಿಸಿಕೊಂಡವರು, ತಂಗಿಗೂ ಕಳಿಸಿ ಅಂದವರು, ಖಾರ ಕಮ್ಮಿ ಬೇಕು ಅಂದವರು, ಯಾರನ್ನೂ ಹುಡುಕಲು ದಾರಿ ಇರಲಿಲ್ಲ.

ಅದೂ ಮಿಡಿ ಕಾಲದಲ್ಲಿ! ಹೊಳೆ ಅಂಚಿನ ಮರದವರಿಗೆ 6 ಸಾವಿರ ಮಿಡಿಗೆ ಮುಂಗಡ ಕೊಟ್ಟಾಗಿತ್ತು. ಮಿಡಿ ನಮಗಾಗಿ ಕಾಯುವುದಿಲ್ಲ, ಗೊರಟು ಬಲಿತರೆ ಮುಗಿಯಿತು. ಕೊಯ್ಯಿಸಿ ಉಪ್ಪಿಗೆ ಹಾಕಿದೆವು. ಆ ವರ್ಷ ಅರ್ಧಕ್ಕಿಂತ ಜಾಸ್ತಿ ಭರಣಿಯಲ್ಲೇ ಉಳಿಯಿತು. ಕೊನೆಗೆ ಅಂಗಡಿಗೆ ಸಿಕ್ಕಿದ ಬೆಲೆಗೆ ಕೊಟ್ಟೆ. ಅತ್ತೆ ಒಂದು ಮಾತೂ ಆಡಲಿಲ್ಲ, ನನಗೆ ಅದೇ ಜಾಸ್ತಿ ನೋವಾಯಿತು.

ಹಾಗಾಗಿ ಫಾಲೋವರ್ಸ್ ಹೆಚ್ಚಿಸುವುದು ಹೇಗೆ ಅನ್ನುವ ಪ್ರಶ್ನೆಯನ್ನೇ ಬದಿಗಿಡಿ ಅನ್ನುತ್ತೇನೆ. ಬೂಸ್ಟ್‌ಗೆ ನಾನು 3 ಸಾವಿರ ಹಾಕಿದ್ದೆ. ಲೈಕ್ ರಾಶಿ ಬಂತು, ಆರ್ಡರ್ ಬಂದಿದ್ದು ಎರಡು. ನಮ್ಮಂಥವರ ಮನೆ ನಡೆಯುವುದು ಎರಡನೇ ಸಲ ಕೊಳ್ಳುವವರಿಂದ. ಅವರು ನಿಮ್ಮ ಫೋನಿನಲ್ಲಿ ಇರಬೇಕು.

ಈಗ ಪ್ರತಿ ಡಬ್ಬದಲ್ಲಿ ಒಂದು ಚೀಟಿ ಹಾಕುತ್ತೇನೆ: ‘ಈ ನಂಬರ್ ಸೇವ್ ಮಾಡಿಕೊಂಡು ನಿಮ್ಮ ಹೆಸರು ವಾಟ್ಸಾಪ್ ಮಾಡಿ.’ ಸೇವ್ ಮಾಡಿಸುವುದು ಮುಖ್ಯ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಿಗೆ (ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವ ಪಟ್ಟಿಗೆ) 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಮುಟ್ಟುತ್ತದೆ. ಸ್ಟೇಟಸ್ ಕಾಣಬೇಕಾದರೆ ನೀವೂ ಅವರದ್ದನ್ನು ಸೇವ್ ಮಾಡಿರಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಕಳಿಸುತ್ತಲೇ ಇರುತ್ತಾರೆ.

ಮಿಡಿ ಕೊಯ್ದ ದಿನ ಸ್ಟೇಟಸ್‌ಗೆ ಒಂದು ವಿಡಿಯೊ, ಉಪ್ಪಿಗೆ ಬಿದ್ದಾಗ ಒಂದು, ಚಿರುಟಿಕೊಂಡಾಗ ಒಂದು, ಸಾಸಿವೆ ಬೀಸುವಾಗ ಒಂದು. ಭರಣಿ ತುಂಬುವಷ್ಟರಲ್ಲಿ ಮುಕ್ಕಾಲು ಪಾಲು ಬುಕ್ ಆಗಿರುತ್ತದೆ. ಬೆಲೆ ಅಲ್ಲೇ ಬರೆಯುತ್ತೇನೆ. ‘ಬೆಲೆಗೆ ಡಿಎಂ ಮಾಡಿ’ ಅಂತ ಮಾತ್ರ ಬರೆಯಬೇಡಿ, ಕೇಳಲು ಸಂಕೋಚಪಟ್ಟು ಹೋಗುವವರೇ ಜಾಸ್ತಿ.

ಇನ್‌ಸ್ಟಾಗ್ರಾಂ ಬಿಡಿ ಅಂತಲ್ಲ. ನನಗೂ ಹೊಸ ಪೇಜ್ ಇದೆ, ಹೊಸ ಗಿರಾಕಿಗಳು ಅಲ್ಲಿಂದಲೇ ಬರುತ್ತಾರೆ. ನಿಮ್ಮ ಹಳೆಯ ಡಿಎಂಗಳು ಇನ್ನೂ ಇವೆ ಅಲ್ವಾ? ಇವತ್ತು ರಾತ್ರಿಯೇ ಕೂತು, ಒಂದೊಂದೇ ತೆರೆದು, ಹೆಸರು, ನಂಬರ್, ಏನು ತರಿಸಿಕೊಂಡಿದ್ದರು ಅನ್ನುವುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.