ಬಗ್ಗಿಗೆ 650 ಸಿಸಿ ಬೈಕಿನ ಎಂಜಿನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬ್ರಹ್ಮಾವರದ ಸಮೀಪ ತೋಟದ ಜೊತೆಗೆ ಸಣ್ಣದೊಂದು ವೆಲ್ಡಿಂಗ್ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ನಮ್ಮದೇ ಜಾಗದಲ್ಲಿರುವ ಹಳೆಯ ಕೆಂಪುಕಲ್ಲಿನ ಕ್ವಾರಿಯಲ್ಲೂ ಗುಡ್ಡದ ದಾರಿಯಲ್ಲೂ ಓಡಿಸಲೆಂದು ಇಬ್ಬರು ಕೂರುವ ಬಗ್ಗಿಯೊಂದನ್ನು, ಅಂದರೆ ಕಚ್ಚಾದಾರಿಯ ನಾಲ್ಕು ಚಕ್ರದ ಗಾಡಿಯನ್ನು, ಕಟ್ಟುತ್ತಿದ್ದೇನೆ. ಚೌಕಟ್ಟಿಗೆ ಒಂದೂವರೆ ಇಂಚಿನ ಜಿಐ ಪೈಪ್ ಬಳಸಿದ್ದೇನೆ. ಟೈರುಗಳು 22 ಇಂಚಿನವು. ಎಲ್ಲ ಸೇರಿ ತೂಕ 400 ಕಿಲೋ ಆಗಬಹುದು. ಅಪಘಾತಕ್ಕೀಡಾದ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ರ ಎಂಜಿನ್ ಗುಜರಿಯಲ್ಲಿ ಸಿಗುವಂತಿದೆ. ಅದನ್ನು ಹಿಂಬದಿಗೆ ಕೂರಿಸಿ ಚೈನಿನಿಂದಲೇ ಆಕ್ಸಲ್ ತಿರುಗಿಸಬಹುದೇ? ರಿವರ್ಸ್‌ಗೆ ಏನು ಮಾಡಬೇಕು?
– ಓದುಗರು, ಬ್ರಹ್ಮಾವರ

ಉತ್ತರ: ಕೂರಿಸಬಹುದು. 648 ಸಿಸಿಯ ಆ ಎಂಜಿನ್ 47 ಅಶ್ವಶಕ್ತಿಯನ್ನೂ 52 ನ್ಯೂಟನ್ ಮೀಟರ್ ಟಾರ್ಕನ್ನೂ (ತಿರುಗಿಸುವ ಬಲ) ಕೊಡುತ್ತದೆ. ನಿಮ್ಮ ಬಗ್ಗಿಗೆ ಅದು ಧಾರಾಳವಾಯಿತು. ಆದರೆ ಎಂಜಿನ್ ಬೈಕಿನಲ್ಲಿದ್ದಾಗ ಅದಕ್ಕೆ ಗಾಳಿ ಕೊಡುವುದು, ತಿರುವಿನಲ್ಲಿ ಎಣ್ಣೆಯನ್ನು ಅದರ ಜಾಗದಲ್ಲೇ ಉಳಿಸುವುದು, ಚೈನಿನ ಜಗ್ಗಾಟವನ್ನು ಹಿಂಚಕ್ರದ ರಬ್ಬರಿನಲ್ಲಿ ಹೀರಿಕೊಳ್ಳುವುದು ಇವೆಲ್ಲವನ್ನೂ ಬೈಕೇ ಸದ್ದಿಲ್ಲದೆ ಮಾಡುತ್ತಿರುತ್ತದೆ. ಬಗ್ಗಿಗೆ ಬಂದ ಮೇಲೆ ಈ ಒಂದೊಂದು ಕೆಲಸವನ್ನೂ ನೀವೇ ಮಾಡಿಕೊಡಬೇಕು.

ಅದಕ್ಕೂ ಮೊದಲು ನೀವು ಕೇಳದೇ ಇರುವ ವಿಷಯವೊಂದನ್ನು ಹೇಳಲೇಬೇಕು. ಜಿಐ ಪೈಪಿನ ಚೌಕಟ್ಟಿನಲ್ಲಿ ದಯವಿಟ್ಟು ಮುಂದುವರಿಯಬೇಡಿ. ಅದು ನೀರು ಹರಿಸಲು ಮಾಡಿದ ಪೈಪು. ಗಾಡಿ ಮಗುಚಿದಾಗ ತಲೆಯ ಮೇಲಿನ ಹೊಡೆತವನ್ನು ತಡೆಯಲೆಂದು ಮಾಡಿದ್ದಲ್ಲ. ವೆಲ್ಡ್ ಮಾಡುವಾಗ ಅದರ ಸತುವಿನ ಲೇಪ ಆವಿಯಾಗಿ ಬೆಸುಗೆಯೊಳಗೆ ಸಣ್ಣ ಸಣ್ಣ ರಂಧ್ರಗಳನ್ನು ಉಳಿಸುತ್ತದೆ, ಆ ಹೊಗೆಯನ್ನು ಸೇವಿಸಿದವರಿಗೆ ಸಂಜೆಯ ಹೊತ್ತಿಗೆ ಚಳಿಜ್ವರವೂ ಬರುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಬಾಹಾ ಸ್ಪರ್ಧೆಯಲ್ಲಿ 10 ಅಶ್ವಶಕ್ತಿಯ ಗಾಡಿಗೇ ಕನಿಷ್ಠ 25 ಮಿಲಿಮೀಟರ್ ಹೊರವ್ಯಾಸ, 3 ಮಿಲಿಮೀಟರ್ ದಪ್ಪ ಮತ್ತು ಶೇಕಡಾ 0.18ರಷ್ಟು ಇಂಗಾಲವಿರುವ ಉಕ್ಕಿನ ಕೊಳವೆಯನ್ನು, ಇಲ್ಲವೇ ಅದಕ್ಕೆ ಸಮನಾದ ಬಲದ್ದನ್ನು ಕೇಳುತ್ತಾರೆ. ನಿಮ್ಮದು ಅದರ ನಾಲ್ಕೂವರೆ ಪಟ್ಟಿಗೂ ಹೆಚ್ಚು ಶಕ್ತಿಯ ಗಾಡಿ. ಸೀಮ್‌ಲೆಸ್ ಉಕ್ಕಿನ ಕೊಳವೆಯಲ್ಲಿ ಹೊಸ ಚೌಕಟ್ಟು ಕಟ್ಟಿ, ಈಗಿನದನ್ನು ಅಳತೆಯ ಮಾದರಿಯಾಗಿ ಇಟ್ಟುಕೊಳ್ಳಿ. ಪಟ್ಟ ಶ್ರಮ ಹಾಗೆ ವ್ಯರ್ಥವಾಗುವುದಿಲ್ಲ.

ಇನ್ನು ಗೇರಿನ ಲೆಕ್ಕ. ಈ ಬೈಕಿನ ಮುಂದಿನ ಸ್ಪ್ರಾಕೆಟ್‌ಗೆ (ಚೈನು ಕೂರುವ ಹಲ್ಲುಚಕ್ರ) 15 ಹಲ್ಲು, ಹಿಂದಿನದಕ್ಕೆ 38. ಆ ಅನುಪಾತದಲ್ಲಿ, 7000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ 7000 ಸುತ್ತು ತಿರುಗುವಾಗ), ಬೈಕು ಒಂದನೇ ಗೇರಿನಲ್ಲೇ ಗಂಟೆಗೆ ಸುಮಾರು 62 ಕಿಲೋಮೀಟರ್ ವೇಗ ಮುಟ್ಟುತ್ತದೆ. ಬೈಕಿನ ಎರಡು ಪಟ್ಟು ತೂಕದ ಬಗ್ಗಿಯನ್ನು ಇದೇ ಅನುಪಾತದಲ್ಲಿ ಕ್ವಾರಿಯ ಏರಿಗೆ ಹತ್ತಿಸಹೊರಟರೆ ಪ್ರತಿ ಸಲವೂ ಕ್ಲಚ್ಚನ್ನು ಅರ್ಧ ಹಿಡಿದೇ ಹತ್ತಿಸಬೇಕಾಗುತ್ತದೆ, ಕ್ಲಚ್ ಪ್ಲೇಟುಗಳು ಬೇಗನೆ ಸುಟ್ಟುಹೋಗುತ್ತವೆ. ಆಕ್ಸಲ್‌ಗೆ 52 ಹಲ್ಲಿನ ಸ್ಪ್ರಾಕೆಟ್ ಹಾಕಿದರೆ, ನಿಮ್ಮ 22 ಇಂಚಿನ ಟೈರಿನೊಂದಿಗೆ, ಅದೇ ಆರ್‌ಪಿಎಂನಲ್ಲಿ ಒಂದನೇ ಗೇರು ಸುಮಾರು 40 ಕಿಲೋಮೀಟರಿಗೆ ಇಳಿಯುತ್ತದೆ. ಆರನೆಯದರಲ್ಲಿ ಲೆಕ್ಕಕ್ಕೆ 120 ಬಂದರೂ ಕ್ವಾರಿಯಲ್ಲಿ ಅದರ ಅಗತ್ಯ ಬೀಳುವುದಿಲ್ಲ. ಒಂದು ಎಚ್ಚರಿಕೆ ಬೇಕು. 52 ಹಲ್ಲಿನ ಸ್ಪ್ರಾಕೆಟ್‌ನ ವ್ಯಾಸ 26 ಸೆಂಟಿಮೀಟರಿಗೂ ಹೆಚ್ಚಾಗುವುದರಿಂದ ಚೈನಿನ ಕೆಳತುದಿಗೂ ನೆಲಕ್ಕೂ ನಡುವೆ ಸುಮಾರು 14 ಸೆಂಟಿಮೀಟರ್ ಮಾತ್ರ ಉಳಿಯುತ್ತದೆ. ಕೆಂಪುಕಲ್ಲಿನ ಒಂದು ಮೂಲೆ ತಗುಲಿದರೂ ಚೈನು ಕಳಚಿ ಗೇರ್‌ಬಾಕ್ಸಿನ ಕವಚವನ್ನೇ ಒಡೆದೀತು. ಆದ್ದರಿಂದ ಅದರ ಅಡಿಗೆ ದಪ್ಪ ತಗಡಿನ ರಕ್ಷಣೆ ಕೊಡಲೇಬೇಕು.

ಎಂಜಿನ್ನನ್ನು ಬೈಕಿನಲ್ಲಿದ್ದ ದಿಕ್ಕಿನಲ್ಲೇ, ಮುಖ ಮುಂದಕ್ಕೆ ಮಾಡಿ ಕೂರಿಸಿ. ಹಿಂದುಮುಂದು ಮಾಡಿದರೆ ಚಕ್ರಗಳೂ ಹಿಂದಕ್ಕೇ ತಿರುಗುತ್ತವೆ. ಚೈನಿನ ಎಳೆತಕ್ಕೆ ಎಂಜಿನ್ ಕೂದಲೆಳೆಯಷ್ಟು ಓರೆಯಾದರೂ ಚೈನು ಸ್ಪ್ರಾಕೆಟ್‌ನ ಹಲ್ಲನ್ನು ತಿನ್ನತೊಡಗುತ್ತದೆ. ಆದ್ದರಿಂದ ಮೌಂಟಿಂಗ್‌ಗೆ ಮೆತ್ತನೆಯ ರಬ್ಬರ್ ಬೇಡ, ಬೈಕಿನ ಮೂಲ ಬೋಲ್ಟುಗಳ ಜಾಗದಲ್ಲೇ ತ್ರಿಕೋನವಾಗಿ ಬಿಗಿಯುವ ಬ್ರಾಕೆಟ್‌ಗಳನ್ನು ಮಾಡಿ. ಜಗ್ಗಾಟವನ್ನು ಹೀರುವ ರಬ್ಬರನ್ನು ಸ್ಪ್ರಾಕೆಟ್ ಮತ್ತು ಆಕ್ಸಲ್ ನಡುವಿನ ಹಬ್‌ನಲ್ಲಿ ಇಡಿ. ಅದೇ ಬೈಕಿನ ಹಿಂಚಕ್ರದ ಹಬ್ ಸಿಕ್ಕರೆ, ಒಳ್ಳೆಯ ಲೇತ್ ಕೆಲಸದವರು ಅದನ್ನು ಹೊಂದಿಸಿಕೊಡುತ್ತಾರೆ.

ಎಣ್ಣೆಯ ವಿಷಯದಲ್ಲಿ ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಬೈಕು ತಿರುವಿನಲ್ಲಿ ಓರೆಯಾಗುವುದರಿಂದ ಎಣ್ಣೆ ಎಂಜಿನ್ನಿನ ತಳದಲ್ಲೇ ನಿಲ್ಲುತ್ತದೆ. ಬಗ್ಗಿ ಓರೆಯಾಗುವುದಿಲ್ಲ, ಎಣ್ಣೆಯೆಲ್ಲ ಒಂದು ಮಗ್ಗುಲಿಗೆ ಸರಿದು ಪಂಪಿನ ಬಾಯಿ ಬರಿದಾಗುತ್ತದೆ. ಕೆಲವು ವರ್ಷಗಳ ಹಿಂದೆ ನಾಲ್ಕು ಸಿಲಿಂಡರಿನ 600 ಸಿಸಿ ಎಂಜಿನ್ ಹಾಕಿದ ಬಗ್ಗಿಯೊಂದನ್ನು ಕಾರ್ಕಳದ ಕಡೆಯ ಕ್ವಾರಿಯೊಂದರಲ್ಲಿ ನಾನೇ ಓಡಿಸುತ್ತಿದ್ದೆ. ಎಡಕ್ಕೆ ಸುತ್ತುವಾಗಲೆಲ್ಲ ಎಣ್ಣೆಯ ಕೆಂಪು ದೀಪ ಕಣ್ಣು ಮಿಟುಕಿಸಿದಷ್ಟು ಹೊತ್ತು ಹೊತ್ತಿ ಆರುತ್ತಿತ್ತು. ವಯರಿನ ದೋಷವೆಂದು ಸುಮ್ಮನಾದೆ. ತಿಂಗಳೊಳಗೆ ಎಂಜಿನ್ ಕುಟ್ಟುವ ಸದ್ದು ಬಂತು. ಬಿಚ್ಚಿ ನೋಡಿದರೆ ಕನೆಕ್ಟಿಂಗ್ ರಾಡ್‌ಗಳ ಬೇರಿಂಗ್ ಶೆಲ್‌ಗಳ ಬೂದುಬಣ್ಣದ ಪದರ ಪೂರ್ತಿ ಸವೆದು ಒಳಗಿನ ತಾಮ್ರದ ಬಣ್ಣ ಎದ್ದಿತ್ತು. ಎಣ್ಣೆಯ ತಳಪಾತ್ರೆಯೊಳಗೆ, ಪಂಪಿನ ಬಾಯಿಯ ಸುತ್ತ ಅಡ್ಡತಗಡುಗಳನ್ನು ಕೊಟ್ಟು, ದೀಪವನ್ನೊಂದೇ ನಂಬದೆ ಎಣ್ಣೆಯ ಒತ್ತಡ ತೋರಿಸುವ ಮೀಟರ್ ಅಳವಡಿಸಿ. ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಕಾರಿನ ಎಣ್ಣೆ ಹಾಕಬೇಡಿ. ಡಬ್ಬಿಯ ಮೇಲೆ ಜಾಸೋ ಎಂಎ2 ಎಂಬ ಗುರುತಿರುವುದನ್ನೇ ತನ್ನಿ.

ಇಂಟರ್‌ಸೆಪ್ಟರ್‌ಗೆ ರೇಡಿಯೇಟರ್ ಇಲ್ಲ. ಗಾಳಿ ಮತ್ತು ಎಣ್ಣೆಯೇ ಅದನ್ನು ತಂಪಾಗಿಡುತ್ತವೆ. ಸೀಟುಗಳ ಹಿಂದೆ ಗಾಳಿಯಿಲ್ಲ. ಸೀಟಿನ ಪಕ್ಕದಿಂದ ತಗಡಿನ ಗಾಳಿದಾರಿ ಮಾಡಿ, ಆಯಿಲ್ ಕೂಲರನ್ನು ಗಾಳಿ ಸಿಗುವ ಕಡೆಗೆ ತಂದು ಅದಕ್ಕೆ ವಿದ್ಯುತ್ ಫ್ಯಾನ್ ಕೊಡಿ. ಕ್ವಾರಿಯ ಕೆಂಪು ಧೂಳಿನಲ್ಲಿ ಮೂಲ ಏರ್ ಫಿಲ್ಟರ್ ಪೆಟ್ಟಿಗೆಯನ್ನು ತೆಗೆಯುವ ಯೋಚನೆಯೇ ಬೇಡ.

ಎಂಜಿನ್ ಕೊಳ್ಳುವಾಗ ವಯರಿಂಗ್, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಕೀ ಸ್ವಿಚ್, ಪೆಟ್ರೋಲ್ ಪಂಪು, ಸೈಡ್ ಸ್ಟ್ಯಾಂಡ್ ಸ್ವಿಚ್ ಎಲ್ಲವನ್ನೂ ಅದೇ ಬೈಕಿನಿಂದ ಇಡಿಯಾಗಿ ಕೇಳಿ ಪಡೆಯಿರಿ. ಬೈಕು ಬಿದ್ದಾಗ ಎಂಜಿನ್ ಆರಿಸುವ ಸಣ್ಣ ಸೆನ್ಸರನ್ನು ಮೊದಲಿದ್ದ ಭಂಗಿಯಲ್ಲೇ ನಿಲ್ಲಿಸಬೇಕು. ಅದನ್ನು ಮಲಗಿಸಿ ಕಟ್ಟಿದರೆ, ಬೈಕು ಬಿದ್ದಿದೆ ಎಂದೇ ತಿಳಿದು ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ರಿವರ್ಸ್‌ಗೆ ಎರಡು ದಾರಿಗಳಿವೆ. ಎಂಜಿನ್ ಮತ್ತು ಆಕ್ಸಲ್ ನಡುವೆ ಪ್ರತ್ಯೇಕ ರಿವರ್ಸ್ ಗೇರ್‌ಬಾಕ್ಸ್ ಹಾಕುವುದು ಗಟ್ಟಿಯಾದ ದಾರಿ, ಖರ್ಚಿನದ್ದು. ಕಾರಿನ ಫ್ಲೈವೀಲಿನ ರಿಂಗ್ ಗೇರನ್ನು ಆಕ್ಸಲ್‌ಗೆ ಬೋಲ್ಟ್ ಮಾಡಿ ಸ್ಟಾರ್ಟರ್ ಮೋಟಾರಿನಿಂದ ಹಿಂದಕ್ಕೆ ತಿರುಗಿಸುವುದು ಅಗ್ಗದ ದಾರಿ. ಸಮತಟ್ಟಿನಲ್ಲಿ ಕೆಲವು ಸೆಕೆಂಡುಗಳ ಮಟ್ಟಿಗೆ ಅದು ಸಾಕು, ಏರಿನಲ್ಲಿ ಮೋಟಾರ್ ಸುಡುತ್ತದೆ. ಗೇರು ನ್ಯೂಟ್ರಲ್‌ನಲ್ಲಿದ್ದಾಗ ಮಾತ್ರ ಅದಕ್ಕೆ ಕರೆಂಟ್ ಹೋಗುವಂತೆ ನ್ಯೂಟ್ರಲ್ ಸ್ವಿಚ್‌ನ ಮೂಲಕವೇ ರಿಲೇ ಜೋಡಿಸಿ.

ಎಂಜಿನ್ನಿಗೆ ಇನ್ನೂ ಹಣ ಕೊಟ್ಟಿಲ್ಲವಾದ್ದರಿಂದ ಒಂದು ಮಾತು ಹೇಳಬಹುದೆಂದುಕೊಳ್ಳುತ್ತೇನೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಹಳೆಯ ಮಾರುತಿ 800ರ ಎಂಜಿನ್ನನ್ನು ಗೇರ್‌ಬಾಕ್ಸ್ ಮತ್ತು ಡ್ರೈವ್ ಶಾಫ್ಟ್‌ಗಳ ಸಮೇತ ತಂದು ಹಿಂದಕ್ಕೆ ಕೂರಿಸುತ್ತಿದ್ದೆ. 796 ಸಿಸಿ, 37 ಅಶ್ವಶಕ್ತಿ. ರಿವರ್ಸ್, ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಎರಡೂ ಒಂದೇ ಗಂಟಿನಲ್ಲಿ ಬರುತ್ತವೆ. ಬೈಕಿನ ಎಂಜಿನ್ನಿನ ಚುರುಕು ಅದಕ್ಕಿಲ್ಲ, ನಿಜ. ಯಾವುದನ್ನೇ ಆರಿಸಿದರೂ ಬ್ರೇಕಿಗೆ ಮಾತ್ರ ಕಾರಿನ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರನ್ನೇ ಬಳಸಿ.

ಕಾನೂನಿನ ಮಾತು ಚಿಕ್ಕದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಮಾದರಿ ಪರೀಕ್ಷೆಯಾಗದ ಇಂಥ ಗಾಡಿಗೆ ನೋಂದಣಿ ಸಿಗುವುದಿಲ್ಲ. ಆದ್ದರಿಂದ ರಾಷ್ಟ್ರೀಯ ಹೆದ್ದಾರಿ 66 ಇರಲಿ, ಪಂಚಾಯತ್ ರಸ್ತೆಗೂ ಇಳಿಸುವಂತಿಲ್ಲ. ಬೇರೆಡೆಗೆ ಒಯ್ಯುವುದಿದ್ದರೆ ಪಿಕಪ್‌ನಲ್ಲೇ ಒಯ್ಯಿರಿ. ಎಂಜಿನ್ ನಂಬರ್ ನಮೂದಾದ ಬಿಲ್ಲನ್ನೂ ಆ ಬೈಕಿನ ಆರ್‌ಸಿ ರದ್ದಾದ ದಾಖಲೆಯ ಪ್ರತಿಯನ್ನೂ ಗುಜರಿಯವರಿಂದ ಪಡೆಯದೆ ಹಣ ಕೊಡಬೇಡಿ.

ಪ್ರಶ್ನೆ: ಇಂಥದೇ ಬಗ್ಗಿಗೆ ಆಟೋರಿಕ್ಷಾದ ಡಿಫರೆನ್ಷಿಯಲ್ ಬಳಸಿದರೆ ರಿವರ್ಸ್ ಚಿಂತೆಯೂ ತೀರುತ್ತದಲ್ಲವೇ? 
– ಓದುಗರು, ಮೂಡುಬಿದಿರೆ

ಉತ್ತರ: ರಿವರ್ಸ್‌ನ ಚಿಂತೆ ತೀರಬಹುದು, ಡಿಫರೆನ್ಷಿಯಲ್ ಉಳಿಯುವುದಿಲ್ಲ. ಅದರ ಹಲ್ಲುಗಳು 10 ಅಶ್ವಶಕ್ತಿಯ ಆಸುಪಾಸಿನ ಎಂಜಿನ್ನಿಗೆಂದು ಮಾಡಿದವು. ಮೇಲಿನ ಲೆಕ್ಕದಂತೆ 650 ಸಿಸಿಯ ಎಂಜಿನ್ ಒಂದನೇ ಗೇರಿನಲ್ಲಿ ಆಕ್ಸಲ್‌ಗೆ ಸುಮಾರು 960 ನ್ಯೂಟನ್ ಮೀಟರ್ ಟಾರ್ಕ್ ಕಳುಹಿಸುತ್ತದೆ. ನಿಮ್ಮದು 150ರಿಂದ 200 ಸಿಸಿಯ ಎಂಜಿನ್ನಾಗಿದ್ದರೆ ಧೈರ್ಯವಾಗಿ ಬಳಸಿ, ಆದರೆ ಹಾಕುವ ಮೊದಲು ಬಿಚ್ಚಿ ಕ್ರೌನ್ ಗೇರಿನ (ಒಳಗಿನ ದೊಡ್ಡ ಹಲ್ಲುಚಕ್ರ) ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ. ಅಂಚು ಕಿತ್ತ ಒಂದು ಹಲ್ಲು ಕಂಡರೂ ಬೇರೆಯದನ್ನು ಹುಡುಕಿ.