ಅರ್ಜಿಗೆ ಉತ್ತರವೇ ಬಾರದಿದ್ದಾಗ ಪರಮಾದೇಶ

ಎಲ್ಲ ದಾಖಲೆಗಳೊಂದಿಗೆ ಸಲ್ಲಿಸಿದ ಪರವಾನಗಿ ಅರ್ಜಿಯ ಬಗ್ಗೆ ಅಧಿಕಾರಿ ತಿಂಗಳುಗಟ್ಟಲೆ ಮೌನವಾಗಿದ್ದರೆ, ಪರವಾನಗಿ ಕೊಡುವಂತೆ ನ್ಯಾಯಾಲಯವೇ ಆದೇಶಿಸಬಲ್ಲದೇ ಎಂದು ತಾವು ಕೇಳಿದ್ದೀರಿ. ಅರ್ಜಿಯನ್ನು ತೀರ್ಮಾನಿಸುವಂತೆ ಆದೇಶಿಸಬಲ್ಲದು. ಹೀಗೆಯೇ ತೀರ್ಮಾನಿಸಬೇಕೆಂದು ಸಾಮಾನ್ಯವಾಗಿ ಹೇಳುವುದಿಲ್ಲ.

ಕಾನೂನು ಅಧಿಕಾರಿಗೆ ಆಯ್ಕೆಯನ್ನೇ ಬಿಟ್ಟಿರದಿದ್ದರೆ, ಉದಾಹರಣೆಗೆ ಶುಲ್ಕ ಪಾವತಿಸಿದವರಿಗೆ ದಾಖಲೆಯ ದೃಢೀಕೃತ ಪ್ರತಿಯನ್ನು ನೀಡಲೇಬೇಕೆಂದಿದ್ದರೆ, ಆ ಕೆಲಸವನ್ನೇ ಮಾಡುವಂತೆ ಪರಮಾದೇಶ, ಅಂದರೆ ಮ್ಯಾಂಡಮಸ್ ರಿಟ್, ಹೊರಡಿಸಬಹುದು. ಪರವಾನಗಿಯ ವಿಷಯದಲ್ಲಿ ಅರ್ಹತೆಯನ್ನು ಪರಿಶೀಲಿಸುವ ವಿವೇಚನಾಧಿಕಾರ ಬಹುಮಟ್ಟಿಗೆ ಅಧಿಕಾರಿಯದೇ ಆಗಿರುವುದರಿಂದ, ಇಂತಿಷ್ಟು ಕಾಲದೊಳಗೆ ಕಾನೂನಿಗೆ ಅನುಸಾರವಾಗಿ ನಿರ್ಧರಿಸಿ ಎಂಬಷ್ಟಕ್ಕೆ ಆದೇಶ ನಿಲ್ಲುವುದೇ ಹೆಚ್ಚು. ಆ ನಿರ್ಧಾರ ನಿರಾಕರಣೆಯೂ ಆಗಬಹುದೆಂಬುದನ್ನು ಗೆದ್ದ ಉತ್ಸಾಹದಲ್ಲಿ ಅನೇಕರು ಮರೆಯುತ್ತಾರೆ.

ಆದ್ದರಿಂದ ಮೊದಲು ಲಿಖಿತ ಬೇಡಿಕೆ ಸಲ್ಲಿಸಿ, ಅದರ ಸ್ವೀಕೃತಿಯನ್ನು ಕಾಪಾಡಿಕೊಳ್ಳಿ; ದೀರ್ಘ ಮೌನವನ್ನೂ ನಿರಾಕರಣೆಯೆಂದೇ ನ್ಯಾಯಾಲಯಗಳು ಪರಿಗಣಿಸುವುದುಂಟು. ಮೇಲ್ಮನವಿಯಂತಹ ಪರಿಣಾಮಕಾರಿ ಪರ್ಯಾಯ ಮಾರ್ಗವಿದ್ದರೆ ತಮ್ಮನ್ನು ಅಲ್ಲಿಗೇ ಕಳುಹಿಸುವ ಸಂಭವವಿದೆ.

ಯಾವ ನ್ಯಾಯಾಲಯಕ್ಕೆ ಹೋಗಬೇಕೆಂಬುದೂ ಮುಖ್ಯ. 1803ರ ಮಾರ್ಬರಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ನೇಮಕಾತಿ ಪತ್ರ ಪಡೆಯುವ ಹಕ್ಕು ಅರ್ಜಿದಾರರಿಗೆ ಇದೆಯೆಂದು ಒಪ್ಪಿಯೂ, ನೇರವಾಗಿ ತನ್ನಲ್ಲಿಗೇ ಬಂದ ಅಂತಹ ಅರ್ಜಿಯನ್ನು ಆಲಿಸುವ ಅಧಿಕಾರ ತನಗಿಲ್ಲವೆಂದು ಪರಮಾದೇಶ ಹೊರಡಿಸಲಿಲ್ಲ. ಭಾರತದಲ್ಲಾದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು; 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋಗಲು ಮೂಲಭೂತ ಹಕ್ಕಿನ ಪ್ರಶ್ನೆಯಿರಬೇಕು.

ಆದೇಶ ದೊರೆತರೆ ಅದರ ದೃಢೀಕೃತ ಪ್ರತಿಯನ್ನು ಅಧಿಕಾರಿಗೆ ತಲುಪಿಸಿ, ತಲುಪಿಸಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ಉದ್ದೇಶಪೂರ್ವಕವಾಗಿ ಪಾಲಿಸದಿದ್ದಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿಗೆ ಅದು ಬೇಕಾಗುತ್ತದೆ.