ಠೇವಣಿ ಹೋದ ಮೇಲೆ: ಕೊಪ್ಪಳ ಕ್ಷೇತ್ರದ ಒಂದು ಆಪ್ತಸಲಹೆ ಪ್ರಕರಣ

ಲೋಕಸಭೆಗೆ ಕೊಪ್ಪಳ ಕ್ಷೇತ್ರದಿಂದ ಮೊದಲ ಸಲ ಪಕ್ಷೇತರರಾಗಿ ನಿಂತು ಸೋತವರು. ವಯಸ್ಸು ನಲವತ್ತರ ಆಸುಪಾಸು, ಗಂಗಾವತಿ ಸೀಮೆ, ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿ, ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಸ್ವಲ್ಪ ಗದ್ದೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದೆ, ಚುನಾವಣೆಯ ವರ್ಷ ಬಿಟ್ಟಿದೆ. ಎಷ್ಟು ಮತ ಬಿದ್ದವೆಂದೂ ಬರೆಯುತ್ತಿಲ್ಲ. ಫಲಿತಾಂಶದ ಪಟ್ಟಿ ಯಾರ ಕೈಗಾದರೂ ಸಿಗುತ್ತದೆ; ಅಂಕಿ ಕೊಟ್ಟರೆ ಹೆಸರು ಕೊಟ್ಟಂತೆಯೇ.

ಎಣಿಕೆ ಮುಗಿದ ಹದಿನೆಂಟನೆಯ ದಿನ ಹೆಂಡತಿ ಮತ್ತು ತಮ್ಮ ಸೇರಿ ಆಪ್ತಸಲಹೆಗೆಂದು ನಮ್ಮ ಬಳಿ ಕರೆತಂದರು. ಅಂಗಡಿಗೆ ಹೋಗುತ್ತಿಲ್ಲ, ನಿದ್ದೆ ಎರಡು ಮೂರು ತಾಸು, ಕುಡಿತ ದಿನಾಲೂ ಆಗಿದೆ, ರಾತ್ರಿಯೆಲ್ಲ ಮತಗಟ್ಟೆವಾರು ಪಟ್ಟಿ ಹರಡಿಕೊಂಡು ಕೂರುತ್ತಾರೆ. "ಇದ್ದು ಏನ್ ಮಾಡೂದೈತಿ" ಎಂದು ತಮ್ಮನೆದುರು ಎರಡು ಸಲ ಅಂದಿದ್ದರು.

ಆ ಮಾತು ಕೇಳಿದ ಮೇಲೆ ಚುನಾವಣೆಯ ಮಾತು ಆಮೇಲೆ. ಸಾಯುವ ಯೋಚನೆ ಬರುತ್ತದೆಯೇ, ಹೇಗೆಂದು ಯೋಚಿಸಿದ್ದಾರೆಯೇ ಎಂದು ಅವರೊಬ್ಬರನ್ನೇ ಕೂರಿಸಿ ನೇರವಾಗಿ ಕೇಳಿದೆವು. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಮನೆಯವರಿಗೆ ಇರುತ್ತದೆ, ಹಾಗೇನೂ ಆಗುವುದಿಲ್ಲ. ಯೋಚನೆ ಇತ್ತು, ತಯಾರಿ ಇರಲಿಲ್ಲ. ಆದರೆ ಅವರ ಗೋದಾಮಿನಲ್ಲೇ ಕ್ರಿಮಿನಾಶಕವಿದೆ. ಅವತ್ತೇ ಗೋದಾಮಿನ ಬೀಗದ ಕೈ ತಮ್ಮನ ಬಳಿಗೆ ಹೋಯಿತು. ಮನೆಯಲ್ಲಿದ್ದ ಡಬ್ಬಿಗಳನ್ನೂ ಅಲ್ಲಿಗೇ ಸಾಗಿಸಲು ಹೇಳಿದೆವು. ರಾತ್ರಿ ಒಬ್ಬರೇ ಮಲಗುವುದು ಬೇಡ ಎಂದು ತೀರ್ಮಾನವಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಇಬ್ಬರ ಫೋನಿನಲ್ಲೂ ಹಾಕಿಸಿ, ಮರುದಿನವೇ ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಿದೆವು. ಕುಡಿತವನ್ನು ಒಮ್ಮೆಲೇ ಬಿಡಿಸಬೇಡಿ ಎಂದು ಹೆಂಡತಿಗೆ ಒತ್ತಿ ಹೇಳಬೇಕಾಯಿತು. ದಿನಾಲೂ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಅದು ವೈದ್ಯರ ಕೈಯಲ್ಲಿ ಆಗಬೇಕಾದ ಕೆಲಸ.

ಎರಡನೆಯ ವಿಷಯ, ಖರ್ಚಿನ ಲೆಕ್ಕ ಒಪ್ಪಿಸುವ ಗಡುವು. ಸೋತವರಿಗೆ ಸಮಾಧಾನ ಹೇಳುವ ಗಡಿಬಿಡಿಯಲ್ಲಿ ಇದು ತಪ್ಪಿಹೋಗುತ್ತದೆ. ಗೆಲ್ಲಲಿ, ಸೋಲಲಿ, ಠೇವಣಿ ಹೋಗಲಿ, ಫಲಿತಾಂಶ ಘೋಷಣೆಯಾದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಖರ್ಚಿನ ಲೆಕ್ಕ ಒಪ್ಪಿಸಲೇಬೇಕು. ಸರಿಯಾದ ಕಾರಣವಿಲ್ಲದೆ ತಪ್ಪಿದರೆ ಜನಪ್ರತಿನಿಧಿ ಕಾಯ್ದೆಯ 10ಎ ಕಲಮಿನಡಿ ಚುನಾವಣಾ ಆಯೋಗ 3 ವರ್ಷ ಅನರ್ಹಗೊಳಿಸಬಹುದು. "ಠೇವಣಿನ ಹೋದ ಮ್ಯಾಲ ಲೆಕ್ಕ ಯಾರಿಗೆ ಬೇಕ್ರಿ?" ಎಂದರು. ಈ ತಪ್ಪು ತಿಳಿವಳಿಕೆ ಪಕ್ಷೇತರರಲ್ಲಿ ಬಹಳ.

ಉಳಿದದ್ದು ಹನ್ನೆರಡು ದಿನ. ಬಿಲ್ಲುಗಳು ಒಂದು ಗೊಬ್ಬರದ ಚೀಲದಲ್ಲಿದ್ದವು. ಚುನಾವಣಾ ಖರ್ಚಿನ ರಿಜಿಸ್ಟರಿನ ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕ್ ಖಾತೆ. ಗುಲಾಬಿ ಹಾಳೆ ಅರ್ಧಕ್ಕೇ ನಿಂತಿತ್ತು. ದಿನಾ ಬೆಳಿಗ್ಗೆ ಎರಡು ತಾಸು, ತಮ್ಮನ ಜೊತೆ, ಮೇಜಿನ ಮುಂದೆ ಕೂತು ತಾರೀಖಿನ ಪ್ರಕಾರ ಬಿಲ್ಲು ಜೋಡಿಸುವುದು. ಜೀಪಿನ ಡೀಸೆಲ್ ಒಂದು ದಿನ, ಶಾಮಿಯಾನ ಮತ್ತು ಮೈಕು ಮರುದಿನ, ಕರಪತ್ರ ಅದರ ಮರುದಿನ. ಬಿಲ್ಲಿಲ್ಲದ್ದಕ್ಕೆ ಬಿಲ್ಲು ಹುಟ್ಟಿಸಬೇಡಿ, ಇದ್ದದ್ದನ್ನು ಇದ್ದಂತೆ ಲೆಕ್ಕ ಪರಿಶೋಧಕರಿಗೆ ತೋರಿಸಿ ಎಂದೆವು. ಖಿನ್ನತೆಯಲ್ಲಿ ಇರುವವರಿಗೆ ಚಿಕ್ಕ ಚಿಕ್ಕ ಕೆಲಸ ಕೊಟ್ಟು ದಿನಕ್ಕೊಂದು ಆಕಾರ ತರುವುದು ನಮ್ಮ ರೂಢಿ. ಇವರಿಗೆ ಬೇರೆ ಕೆಲಸ ಹುಡುಕಬೇಕಾಗಲಿಲ್ಲ, ಚುನಾವಣಾ ಆಯೋಗವೇ ಕೊಟ್ಟಿತ್ತು! ಎರಡು ದಿನ ಉಳಿದಿರುವಾಗ ಲೆಕ್ಕ ಹೋಯಿತು, ಸ್ವೀಕೃತಿ ಪತ್ರ ಬಂತು.

ನಿಜವಾದ ಗಾಯ ಇದ್ದದ್ದು ಮತಗಟ್ಟೆವಾರು ಪಟ್ಟಿಯಲ್ಲಿ. ನಮೂನೆ 20ರಲ್ಲಿ ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಎಷ್ಟು ಬಿದ್ದವೆಂದು ಇರುತ್ತದೆ. ತಮ್ಮ ಊರಿನ ಮತಗಟ್ಟೆಯ ಸಾಲಿಗೆ ಕೆಂಪು ಗೆರೆ ಎಳೆದಿದ್ದರು. "ನಮ್ಮ ಮಂದಿನ ಎಪ್ಪತ್ತು ಓಟು ಅದಾವ್ರಿ. ಬಿದ್ದಿದ್ದು ಹನ್ನೊಂದು. ಯಾರ್ಯಾರು ಕೈ ಕೊಟ್ರು ಅಂತ ನನಗ ಗೊತ್ತೈತಿ." ಗೊತ್ತಿದ್ದವರಿಗೆ ಗೊಬ್ಬರದ ಉದ್ರಿ ಬಂದ್ ಮಾಡಿದ್ದರು, ಅದೂ ಮುಂಗಾರು ಬಿತ್ತನೆಯ ಹೊತ್ತಿನಲ್ಲಿ. ಒಬ್ಬ ದಾಯಾದಿಯ ಮನೆಯ ಮದುವೆಗೆ ಹೋಗಿರಲಿಲ್ಲ.

ಇಂಥವರಿಗೆ "ಹೋಗಲಿ ಬಿಡಿ, ಮರೆತುಬಿಡಿ" ಎಂದರೆ ಕಿವಿಗೆ ಹೋಗುವುದಿಲ್ಲ. ಲೆಕ್ಕದ ಮನುಷ್ಯ, ಲೆಕ್ಕದಿಂದಲೇ ಮಾತಾಡಬೇಕು. ಪ್ರಚಾರದಲ್ಲಿ "ಹಾಕ್ತೀವಿ" ಎಂದವರ ಹೆಸರು ಬರೆದಿಟ್ಟಿದ್ದ ನೋಟ್‌ಬುಕ್ ತರಿಸಿ, ಪಕ್ಕದಲ್ಲಿ ಮತದಾರರ ಪಟ್ಟಿ ಇಟ್ಟೆವು. ಮೊದಲು ಅಳಿಸಿದ್ದು ಹೆಂಡತಿಯ ತವರು ಕಂಪ್ಲಿಯವರನ್ನು. ಹೊಳೆ ದಾಟಿದರೆ ಕಂಪ್ಲಿ. ಆದರೆ ಅದು ಬಳ್ಳಾರಿ ಲೋಕಸಭಾ ಕ್ಷೇತ್ರ, ಅಲ್ಲಿಯ ಮತಯಂತ್ರದಲ್ಲಿ ಇವರ ಹೆಸರೇ ಇರಲಿಲ್ಲ. ಲಿಂಗಸುಗೂರಿನ ಬೀಗರೂ ಹಾಗೆಯೇ, ಅದು ರಾಯಚೂರಿಗೆ ಸೇರಿದ್ದು. ಸಿರುಗುಪ್ಪ ಬಳ್ಳಾರಿ ಜಿಲ್ಲೆಯಲ್ಲಿದ್ದರೂ, ಸಿಂಧನೂರು, ಮಸ್ಕಿ ರಾಯಚೂರು ಜಿಲ್ಲೆಯಲ್ಲಿದ್ದರೂ ಕೊಪ್ಪಳ ಕ್ಷೇತ್ರಕ್ಕೆ ಬರುತ್ತವೆ. ಆ ಕಡೆ ಮಾತ್ರ ಅವರು ಕಾಲಿಟ್ಟೇ ಇರಲಿಲ್ಲ. ಆಮೇಲೆ ಬೆಂಗಳೂರಿಗೆ ಗುಳೆ ಹೋದವರು, ಊರಿನ ಇನ್ನೊಂದು ಮತಗಟ್ಟೆಯಲ್ಲಿ ಹೆಸರಿದ್ದವರು, ಪಟ್ಟಿಯಲ್ಲೇ ಇಲ್ಲದವರು. ಅಂಚೆ ಮತ ಮತಗಟ್ಟೆಯ ಅಂಕಿಯಲ್ಲಿ ಸೇರುವುದಿಲ್ಲ. ಎಪ್ಪತ್ತು ಎಂದದ್ದು ಮೂವತ್ತೆಂಟಕ್ಕೆ ಇಳಿಯಿತು.

ಅಲ್ಲಿಗೆ ಪೆನ್ನು ಕೆಳಗಿಡಿಸಿದೆವು. ಉಳಿದವರಲ್ಲಿ ಯಾರು ಇವರಿಗೆ ಹಾಕಿದರು, ಯಾರು ಹಾಕಲಿಲ್ಲ ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಬಿದ್ದ ಹನ್ನೊಂದು ಯಾರವು ಎಂಬುದೂ ಗೊತ್ತಿಲ್ಲ. ಉದ್ರಿ ಬಂದ್ ಮಾಡಿದವರಲ್ಲೇ ಅವರಿರಬಹುದು ಎಂದಾಗ ಬಹಳ ಹೊತ್ತು ಸುಮ್ಮನಿದ್ದರು. ಕೊಟ್ಟ ಸಲಹೆ ಇಷ್ಟು: ಉದ್ರಿ ಬಿಗಿ ಮಾಡುವುದಾದರೆ ಎಲ್ಲರಿಗೂ ಒಂದೇ ನಿಯಮ, ಇಷ್ಟು ಚೀಲಕ್ಕೆ ಇಷ್ಟು ಮುಂಗಡ ಎಂದು ಬೋರ್ಡಿನ ಮೇಲೆ ಬರೆದು, ಉದ್ರಿಯ ಪಟ್ಟಿ ತಮ್ಮನ ಬಳಿ ಇರಲಿ.

ಕ್ಷೇತ್ರದ ಗಾತ್ರವನ್ನೂ ಅವರೆದುರು ಬಿಡಿಸಿಟ್ಟೆವು. ಎಂಟು ವಿಧಾನಸಭಾ ಕ್ಷೇತ್ರ, 18 ಲಕ್ಷಕ್ಕೂ ಹೆಚ್ಚು ಮತದಾರರು, ಸುಮಾರು 2,000 ಮತಗಟ್ಟೆ. 25,000 ರೂಪಾಯಿ ಠೇವಣಿ ಉಳಿಯಬೇಕಾದರೆ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. 13 ಲಕ್ಷ ಸಿಂಧು ಮತ ಅಂದರೆ ಸುಮಾರು 2.17 ಲಕ್ಷ ಬೇಕು. ಒಂದು ಜೀಪು, ಎಂಟು ಹತ್ತು ಹುಡುಗರಿಂದ ಆಗದ ಕೆಲಸ ಎಂಬುದನ್ನು ಅವರೇ ಹೇಳಿದರು. ಮತಯಂತ್ರದ ಮೇಲೆ ಅವರಿಗಿದ್ದ ಅನುಮಾನಕ್ಕೆ ನಾವು ಹೌದು ಅಲ್ಲ ಎನ್ನಲಿಲ್ಲ. ಮತಗಟ್ಟೆಯಲ್ಲಿ ದಾಖಲಾದ ಮತಗಳ ಲೆಕ್ಕವಿರುವ ನಮೂನೆ 17ಸಿಯ ಪ್ರತಿ ಏಜೆಂಟರ ಬಳಿ ಇರುತ್ತದೆ, ಅದರ ಒಟ್ಟು ಮತವನ್ನು ನಮೂನೆ 20ರ ಜೊತೆ ಹೋಲಿಸಿ, ವ್ಯತ್ಯಾಸವಿದ್ದರೆ ವಕೀಲರನ್ನು ಕಾಣಿ, ಹೈಕೋರ್ಟಿನಲ್ಲಿ ತಕರಾರು ಅರ್ಜಿಗೆ 45 ದಿನ ಮಾತ್ರ ಎಂದೆವು. ಇದ್ದ ಪ್ರತಿಗಳೆಲ್ಲ ತಾಳೆಯಾದವು.

ಚುನಾವಣೆಗೆ ಮಾಡಿದ ಸಾಲದಲ್ಲಿ ಉರಿಯುತ್ತಿದ್ದದ್ದು ಮೂರು ರೂಪಾಯಿ ಬಡ್ಡಿಯ 4 ಲಕ್ಷ, ತಿಂಗಳಿಗೆ 12,000. ಗದ್ದೆ ಮಾರುವ ಮಾತನ್ನು ಆರು ತಿಂಗಳು ಎತ್ತಬೇಡಿ, ಪ್ರಚಾರಕ್ಕೆ ಕೊಂಡ ಜೀಪು ಮಾರಿ ಈ ಅಸಲಿಗೆ ಹಾಕಿ, ಬ್ಯಾಂಕಿನ ಬಂಗಾರದ ಸಾಲ ಆಮೇಲೆ ಎಂದು ಕ್ರಮ ಹಾಕಿಕೊಟ್ಟೆವು. ಆ ಬಂಗಾರ ಹೆಂಡತಿಯದು. ಅವರನ್ನು ಬೇರೆಯಾಗಿ ಮಾತಾಡಿಸಿದಾಗ ಹೊರಬಂದದ್ದು: "ಸೋತಿದ್ದಕ್ಕ ಸಿಟ್ಟಿಲ್ರಿ. ನನ್ನ ಒಂದ್ ಮಾತ್ ಕೇಳದ ಅಡವಿಟ್ರು." ಗಂಡ ಈ ಮಾತಿಗೆ ಉತ್ತರ ಕೊಡಬೇಕಿತ್ತು, ನೆಪ ಹೇಳದೆ. ಮೂರನೆಯ ಭೇಟಿಯಲ್ಲಿ ಕೊಟ್ಟರು.

ಚಾದಂಗಡಿಯ ಚೇಷ್ಟೆ ಬಾಕಿ ಇತ್ತು. "ಎಂಪಿ ಸಾಹೇಬ್ರು ಬಂದ್ರಪಾ" ಎಂದರೆ ಏನೆನ್ನಬೇಕು ಎಂಬುದನ್ನು ಕೋಣೆಯಲ್ಲೇ ಆಡಿಸಿ ನೋಡಿದೆವು. ಉದ್ದ ವಿವರಣೆ ಕೊಟ್ಟಷ್ಟೂ ಚೇಷ್ಟೆ ಬೆಳೆಯುತ್ತದೆ. "ಹೌದು, ನಿಂತಿದ್ದೆ, ಮಂದಿ ಹಾಕ್ಲಿಲ್ಲ. ಚಾ ಹೇಳು" ಎಂಬಲ್ಲಿಗೆ ನಿಂತರು. ಮೊದಲ ವಾರ ತಮ್ಮನ ಜೊತೆ, ಆಮೇಲೆ ಒಬ್ಬರೇ ಹೋದರು.

ಮೂರು ತಿಂಗಳಾಗುವಷ್ಟರಲ್ಲಿ ನಿದ್ದೆ ಆರು ತಾಸಿಗೆ ಬಂದಿತ್ತು, ಔಷಧಿ ನಡೆದಿತ್ತು. ಗೋದಾಮಿನ ಕೀಲಿ ಮನೋವೈದ್ಯರು ಹೇಳುವವರೆಗೆ ತಮ್ಮನ ಬಳಿಯೇ. ಪಂಚಾಯಿತಿ ಚುನಾವಣೆಗೆ ನಿಲ್ಲಲೇ ಎಂದು ಕೇಳಿದರು. ನಿಲ್ಲಬೇಡಿ ಎನ್ನುವುದು ನಮ್ಮ ಕೆಲಸವಲ್ಲ. ಹೆಂಡತಿ ಮಾತ್ರ ಷರತ್ತು ಹಾಕಿದ್ದಾರೆ: ಬಂಗಾರ ಬಿಡಿಸಿಕೊಂಡ ರಸೀದಿ ಮೊದಲು, ನಾಮಪತ್ರ ಆಮೇಲೆ.